ಮೊಣಕಾಲಡಿಯ ಬಟ್ಟಲು

ಲುಲಾಶ್ ಚಿಕ್ಕಂದಿನಿಂದಲೂ ಮುಂಗೋಪಿಯೇ ಎಂದು ಕೋರ್ಟಿನ ಡಾಕ್ಟರು ಕೇಳಿದರು. ಹೌದು ಎಂದೆ. ಸುಳ್ಳೇನಲ್ಲ. ಏಳು ವರ್ಷದವನಿದ್ದಾಗ ಗೋಲಿಯಾಟದಲ್ಲಿ ಸೋತು, ಗೆದ್ದವನ ಹಲ್ಲು ಉದುರಿಸಿದ್ದ. ಅವನಣ್ಣ ಪ್ರೆಕ್ ಅದೇ ಆಟದಲ್ಲಿ ಸೋತು ನಗುತ್ತ ಮನೆಗೆ ಬಂದಿದ್ದ. ಒಂದೇ ಮೆಕ್ಕೆಜೋಳದ ರೊಟ್ಟಿ ಮುರಿದು ತಿಂದು ಬೆಳೆದವರು.

ಇಬ್ಬರೂ ನನ್ನ ತಮ್ಮ ಕೋಲ್‌ನ ಮಕ್ಕಳು. ಹನ್ನೆರಡು ವರ್ಷದ ಹಿಂದೆ, ಕಾಲುವೆ ನೀರಿನ ಜಗಳದಲ್ಲಿ ಮರಾಶ್ ಎಂಬವನು ಕೋಲ್‌ಗೆ ಗುಂಡು ಹೊಡೆದು ಸಾಯಿಸಿ ದೇಶ ಬಿಟ್ಟ. ಆ ಮನೆಯ ಒಬ್ಬ ಗಂಡಸನ್ನಾದರೂ ಕೋಲ್‌ನ ಮಕ್ಕಳು ಕೊಲ್ಲಲಿ ಎಂದು ಊರು ಕಾದು ಕೂತಿತು. ಪ್ರೆಕ್ ಮಾತ್ರ ದೊಡ್ಡವನಾದ ಮೇಲೆ ಪಾದ್ರಿಯನ್ನು ಮುಂದಿಟ್ಟುಕೊಂಡು ರಾಜಿ ಮಾತಾಡತೊಡಗಿದ. ನನಗೆ ಮೈಯೆಲ್ಲ ಉರಿಯಿತು.

ನನ್ನ ಮಗಳ ನಿಶ್ಚಿತಾರ್ಥದ ದಿನ ಮನೆ ತುಂಬ ನೆಂಟರು. ನಮ್ಮ ಅಲ್ಬೇನಿಯಾದ ಬೆಟ್ಟಗಳಲ್ಲಿ ಸೇಡು ತೀರಿಸದವನಿಗೆ ಕಾಫಿ ಬಟ್ಟಲನ್ನು ಮೊಣಕಾಲಡಿಯಿಂದ ಕೊಡುತ್ತೇವೆ. ಬಾಯಿ ಬಿಚ್ಚಬೇಕಾಗಿಲ್ಲ, ನೋಡಿದವರಿಗೆಲ್ಲ ಅರ್ಥವಾಗುತ್ತದೆ. ನಾನು ಎಡಗಾಲೆತ್ತಿ ಪ್ರೆಕ್‌ಗೆ ಹಾಗೇ ಚಾಚಿದೆ.

"ಬಿಸಿ ಆರಿಲ್ವಲ್ಲ ದೊಡ್ಡಪ್ಪ, ಅಷ್ಟು ಸಾಕು," ಎಂದು ಅವನು ಕುಡಿದುಬಿಟ್ಟ.

ಕೆಲವರು ಮುಸಿಮುಸಿ ನಕ್ಕರು. ಪ್ರೆಕ್ ಜಗ್ಗುವವನಲ್ಲವೆಂದು ನನಗೆ ಮೊದಲೇ ಗೊತ್ತಿತ್ತು. ಬಾಗಿಲ ಬಳಿ ಕೂತಿದ್ದ ಅವನ ತಮ್ಮ ಎಂಥವನೆಂದೂ ಗೊತ್ತಿತ್ತು. ಮುಂದಿನ ಬಟ್ಟಲನ್ನು ಲುಲಾಶ್‌ಗೂ ಹಾಗೇ ಕೊಟ್ಟೆ. ಅವನು ಮುಟ್ಟಲಿಲ್ಲ. ಕಿವಿಯವರೆಗೂ ಕೆಂಪಾಗಿ ಎದ್ದು ಹೋದ. ಅವನಿಗಾಗ ಹತ್ತೊಂಬತ್ತು.

ಮೂರನೆಯ ದಿನ ಹಾಡುಹಗಲೇ, ಹುಲ್ಲು ಕೊಯ್ಯುತ್ತಿದ್ದ ಮರಾಶ್‌ನ ಅಣ್ಣನ ಮಗನನ್ನು ಕೊಂದ. ಕಾಲುವೆಯ ಜಗಳವಾದಾಗ ಆ ಹುಡುಗ ಶಾಲೆಯ ಮೆಟ್ಟಿಲನ್ನೂ ಹತ್ತಿರಲಿಲ್ಲ.

ಈಗ ಸೇಡಿನ ಸರದಿ ಅವರದು. ಪ್ರೆಕ್ ಹೊಸಿಲು ದಾಟುವಂತಿಲ್ಲ, ಕೋರ್ಟಿಗೂ ಬರುವಂತಿಲ್ಲ. ನನ್ನಂಥ ಮುದುಕನನ್ನು ಕೊಂದರೆ ಯಾರಿಗೂ ಹೆಮ್ಮೆಯಿಲ್ಲ, ಹಾಗಾಗಿ ನಾನು ಓಡಾಡುತ್ತೇನೆ. ಬಟ್ಟಲಿನ ವಿಷಯ ಯಾರಾದರೂ ಬಾಯಿಬಿಟ್ಟರೆ ಲುಲಾಶ್‌ನ ಶಿಕ್ಷೆ ಎಷ್ಟೋ ವರ್ಷ ಕಡಿಮೆಯಾಗುತ್ತದೆ ಎಂದು ವಕೀಲರು ಹೇಳಿದ್ದರು. ನಾನು ಹೊರಡುವಾಗ ಪ್ರೆಕ್ ನನ್ನ ಕೈ ಹಿಡಿದುಕೊಂಡ.

"ಅವನ ಕೋಪ ಅವನದೇ, ಒಪ್ತೀನಿ. ಕೆಣಕಿದ್ದು ಯಾರು ಅಂತಾನೂ ಹೇಳಿಬಿಡಿ ದೊಡ್ಡಪ್ಪ. ಅವನು ಮುದುಕನಾಗೋ ಮೊದ್ಲು ಮನೆಗೆ ಬರ್ಲಿ."

ಹೂಂ ಎಂದಿದ್ದೆ. ಆದರೆ ಕಟಕಟೆಯಲ್ಲಿ ನಿಂತಾಗ ನನ್ನ ಮರ್ಯಾದೆಯೇ ನನಗೆ ದೊಡ್ಡದಾಯಿತು. ಕೇಳಿದ್ದಕ್ಕಷ್ಟೇ ಉತ್ತರ ಕೊಟ್ಟೆ. ಹುಟ್ಟುಗುಣ ಎಂದು ಡಾಕ್ಟರು ಬರೆದುಕೊಂಡರು. ಲುಲಾಶ್ ನನ್ನ ಕಡೆ ನೋಡಲೂ ಇಲ್ಲ.

ಸಂಜೆ ಪ್ರೆಕ್‌ನ ಮನೆಗೆ ಹೋದೆ. ಕಿಟಕಿಗಳೆಲ್ಲ ಮುಚ್ಚಿದ್ದವು. ಹೇಳಿದಿರಾ ಎಂದು ಕೇಳಿದ. ಇಪ್ಪತ್ತೈದು ವರ್ಷ ಎಂದೆ. ಅವನು ಒಳಗೆ ಹೋಗಿ ಕಾಫಿ ಮಾಡಿ ತಂದ. ಮನೆಯ ಹಿರಿಯನಿಗೆ ಕೊಡುವ ಹಾಗೆ, ಬಗ್ಗಿ, ಎರಡೂ ಕೈಯಿಂದ ಬಟ್ಟಲನ್ನು ಕೊಟ್ಟ.

ಮೊಣಕಾಲಡಿಯಿಂದ ಕೊಟ್ಟಿದ್ದರೆ ಕುಡಿಯುತ್ತಿದ್ದೆ.