ಹೊಣೆಗಾರ ಅಧಿಕಾರಿ

"ನಾವು ಜೈನರ್ರಿ, ಹೊತ್ತ ಮುಳುಗೂದ್ರಾಗ ಉಣ್ಣೂ ಮಂದಿ. ನೀವು ತಡಾ ಮಾಡಿದ್ರಿ, ಇವತ್ತ ಉಪಾಸ ಆತು. ಇನ್ನ ನಿಧಾನಕ್ಕ ಕೇಳ್ರಿ ಸಾಹೇಬ್ರ," ಎಂದು ಸುಗಂಧಾ ಲ್ಯಾಪ್‌ಟಾಪಿನಲ್ಲಿ ಕಂಡ ಸರ್ಕಾರಿ ಅಧಿಕಾರಿಗೆ ಹೇಳಿಬಿಟ್ಟಳು. ಪಕ್ಕದಲ್ಲಿ ಕೂತಿದ್ದ ಸೊಸೆ ಪ್ರಾಜಕ್ತಾ ಮೆಲ್ಲಗೆ ಅತ್ತೆಯ ಸೆರಗು ಜಗ್ಗಿದಳು.

ಅಕ್ಕೋಳ ಹಳ್ಳಿಯ ಈ ಮನೆಯಲ್ಲೇ ಕೂತು, ಮೂರು ವರ್ಷ ಒಬ್ಬಳೇ ಒದ್ದಾಡಿ, ಜನ ತಮ್ಮ ಕ್ರಿಪ್ಟೊ ನಾಣ್ಯ ಇಟ್ಟುಕೊಳ್ಳುವ, ಕಳಿಸುವ ಆ್ಯಪೊಂದನ್ನು ಪ್ರಾಜಕ್ತಾ ಕಟ್ಟಿದ್ದಳು. ಈಗ ನೋಂದಣಿ ಬೇಕಂತೆ. ಅದಕ್ಕೆ, ಸಂಶಯದ ವ್ಯವಹಾರ ಕಂಡರೆ ಸರ್ಕಾರಕ್ಕೆ ತಿಳಿಸುವ ಹೊಣೆಗಾರ ಅಧಿಕಾರಿ ಬೇಕಂತೆ. ಆ್ಯಪ್ ಮಾಡಿದವಳೇ ಅದಾಗುವಂತಿಲ್ಲ. ಬೆಂಗಳೂರಿನ ದೊಡ್ಡ ಕಂಪನಿಯೊಂದು ಆ ಜಾಗಕ್ಕೆ ವಾರದಲ್ಲೇ ನಿವೃತ್ತ ಸಾಹೇಬರೊಬ್ಬರನ್ನು ತಂದು ಕೂರಿಸಿತು. ಅವಳ ಜೊತೆ ಕಲಿತು ಇಂಥದೇ ಆ್ಯಪ್ ಮಾಡಿದ್ದ ಸಂದೇಶ ಎಂಬವನು ಈ ಕಾಯ್ದೆಗೆ ಬೇಸತ್ತು ಗಂಟುಮೂಟೆ ಕಟ್ಟಿ ದುಬೈಗೆ ಹೋದ. ಕಾಯ್ದೆ ಎಲ್ಲರಿಗೂ ಒಂದೇ, ನಿಜ. ಅಕ್ಕೋಳದವಳು ಯಾರನ್ನು ತರಬೇಕು? ಕ್ರಿಪ್ಟೊ ಎಂದೊಡನೆ ನಿಪ್ಪಾಣಿಯ ಇಬ್ಬರು ವಕೀಲರು ಕೈಮುಗಿದರು. ಇವತ್ತಿನ ಈ ವಿಡಿಯೊ ಸಂದರ್ಶನದಲ್ಲಿ ಒಪ್ಪಿಗೆ ಸಿಗದಿದ್ದರೆ ಆ್ಯಪ್ ಮುಚ್ಚಬೇಕು. ಕಡೆಗೆ ಅತ್ತೆಯೇ, "ನನ್ನ ಹೆಸರ ಹಾಕ ಬೇ," ಎಂದಿದ್ದಳು.

"ಅನುಭವ ಏನಿದೆ?" ಅಧಿಕಾರಿ ಕೇಳಿದ.

"ಹಾಲಿನ ಡೇರ್ಯಾಗ ಇಪ್ಪತ್ತೆರಡ ವರ್ಷ ತಪಾಸ ಮಾಡೀನ್ರಿ."

ಅಧಿಕಾರಿ ನಕ್ಕ. "ಇದು ಹಾಲಲ್ಲಮ್ಮಾ."

"ಹೌದ್ರಿ. ಕಂಪ್ಯೂಟರ ನನಗ ಹೊಸಾದು, ಕಲೀತೀನಿ. ಆದ್ರ ಎರಡ ಎಮ್ಮಿ ಇದ್ದಾಂವ ಒಮ್ಮಿಗೇ ನಲವತ್ತ ಲೀಟರ ತಂದ್ರ, ಎಲ್ಲಿಂದ ತಂದಿ ಅಂತ ಕೇಳಬೇಕಲ್ರಿ? ಅದು ನನಗ ಗೊತ್ತೈತಿ."

ಅಧಿಕಾರಿಯ ನಗು ನಿಂತಿತು. ಅವನು ಕುರ್ಚಿಯನ್ನು ಮುಂದಕ್ಕೆಳೆದುಕೊಂಡ. "ನಿಮ್ಮ ಸೊಸೆ ಮೇಲೇ ಸಂಶಯ ಬಂದರೆ?"

ಸುಗಂಧಾ ಬಾಗಿಲಲ್ಲಿ ನಿಂತಿದ್ದ ಗಂಡ ರಾವಸಾಹೇಬನತ್ತ ಕೈ ಮಾಡಿದಳು. "ಇವರದ ಹಾಲ ಹೊಳ್ಳಿ ಕಳಿಸೀನ್ರಿ, ಊರ ಮಂದಿ ಮುಂದ. ನೀರ ಇತ್ತು."

"ಒಂದ ತಿಂಗಳ ಈಕಿನ್ನ ಮಾತಾಡಿಸಿದ್ದಿಲ್ರಿ ನಾ," ರಾವಸಾಹೇಬ ನಾಚಿಕೊಂಡೇ ಒಪ್ಪಿಕೊಂಡ.

ಅಧಿಕಾರಿ ಬಹಳ ಹೊತ್ತು ಏನೋ ಬರೆದ. ಪ್ರಾಜಕ್ತಾ ಅವನ ಪೆನ್ನನ್ನೇ ನೋಡಿದಳು.

"ಒಪ್ಪಿಗೆ ಪತ್ರ ಕಳಿಸ್ತೀವಿ. ಆರು ತಿಂಗಳು ನೋಡೋಣ," ಎಂದು ಹೇಳಿ ಅವನು ಪರದೆಯಿಂದ ಮಾಯವಾದ.

ಪ್ರಾಜಕ್ತಾಳಿಗೆ ಅಳುವೇ ಬಂತು. ಅತ್ತೆಯ ಎರಡೂ ಕೈ ಹಿಡಿದುಕೊಂಡು, "ಆಯಿ, ನಿಮ್ಮಿಂದ ಆ್ಯಪ್ ಉಳೀತ್ರಿ," ಎಂದಳು. "ನಡೀರಿ, ದಣದೀರಿ, ಅಡ್ಡಾಗ್ರಿ."

ಸುಗಂಧಾ ಕೈ ಬಿಡಿಸಿಕೊಂಡಳು. ಚಾಳೀಸು ಕನ್ನಡಕ ಮೂಗಿಗೇರಿಸಿ, ಲ್ಯಾಪ್‌ಟಾಪನ್ನು ತನ್ನ ಕಡೆ ತಿರುಗಿಸಿಕೊಂಡಳು.

"ಕುಂದರು," ಎಂದಳು. "ಮೊದಲ ನಿನ್ನ ಲೆಕ್ಕಾನ ತೋರಸು."