ಯೋಕೊಝುನಾ ಮತ್ತೆ ಹತ್ತಿದ್ದು

ಜಪಾನಿನ ಓಕಾಯಾಮಾ ಊರಿನ ಟ್ರಾಮ್ ಬೀದಿಯಲ್ಲಿ ಶಿಗೆನೋಳ ಕ್ಷೌರದಂಗಡಿ ಇತ್ತು. ಅರವತ್ತೊಂದು ವರ್ಷದ ಒಂಟಿ ಹೆಂಗಸು. ಅಂಗಡಿಯ ಗಾಜಿನ ಪೆಟ್ಟಿಗೆಯಲ್ಲಿ ಮುಷ್ಟಿಗಾತ್ರದ ಹಸಿರು ಮರಗಪ್ಪೆಯೊಂದನ್ನು ಸಾಕಿದ್ದಳು. ಸುಮೋ ಜಟ್ಟಿಯ ಹಾಗೆ ಕೂರುತ್ತದೆಂದು ಗಿರಾಕಿಗಳು ಅದನ್ನು ಯೋಕೊಝುನಾ, ಅಂದರೆ ಮಹಾಜಟ್ಟಿ, ಎಂದು ಕರೆಯುತ್ತಿದ್ದರು.

ಜೂನ್ ತಿಂಗಳ ಒಂದು ಬೆಳಿಗ್ಗೆ ನೋಡಿದರೆ ಅದು ಕೊಂಬೆಯಿಂದ ಕೆಳಗೆ ಬಿದ್ದಿತ್ತು. ಹಿಂಗಾಲು ತಿರುಚಿಕೊಂಡಿತ್ತು. ಮುಂದಿಟ್ಟ ಮಿಡತೆಗೂ ಬಾಯಿ ತೆರೆಯಲಿಲ್ಲ. ಶಿಗೆನೋ ಅಂಗಡಿ ಮುಚ್ಚಿ, ಒದ್ದೆ ಬಟ್ಟೆ ಹಾಸಿದ ಊಟದ ಡಬ್ಬಿಯಲ್ಲಿ ಅದನ್ನಿಟ್ಟುಕೊಂಡು ಪ್ರಾಣಿವೈದ್ಯೆ ಹತಾಕೆಯಾಮಾಳ ಬಳಿಗೆ ಓಡಿದಳು.

ಎಕ್ಸ್-ರೇಯಲ್ಲಿ ಮೂಳೆಗಳು ಮಂಜಿನ ಹಾಗೆ ಮಸುಕಾಗಿದ್ದವು.

"ತೊಡೆಮೂಳೆ ಮುರಿದಿದೆ. ಆದ್ರೆ ಬಿದ್ದಿದ್ದೊಂದೇ ಕಾರಣ ಅಲ್ಲ, ಮೂಳೆ ಮೊದಲೇ ಮೆತ್ತಗಾಗಿತ್ತು. ಏನು ತಿನ್ನಿಸ್ತೀರಿ?"

"ದಪ್ಪ ದಪ್ಪ ಮಿಡತೆ ಡಾಕ್ಟ್ರೇ. ಹುಡುಕಿ ಹುಡುಕಿ ತರ್ತೀನಿ."

"ಕ್ಯಾಲ್ಸಿಯಂ ಪುಡಿ ಹಚ್ಚಿ ಕೊಡ್ತೀರಾ?"

"ಅದೊಂದು ಇದೆ ಅಂತಾನೇ ನಂಗೆ ಗೊತ್ತಿಲ್ಲ."

ಎರಡು ವರ್ಷ ಮುದ್ದಿನಿಂದ ಹಾಕಿದ ಊಟವೇ ಅದರ ಮೂಳೆ ತಿಂದಿತ್ತು. ಶಿಗೆನೋಳಿಗೆ ತಲೆ ಎತ್ತಲಾಗಲಿಲ್ಲ.

"ದಿನಾ ಬಾಯಿ ಬಿಡಿಸಿ ಔಷಧಿ ಹಾಕ್ಬೇಕು. ದವಡೆನೂ ಮೆತ್ತಗಿದೆ, ಸ್ವಲ್ಪ ಒತ್ತಿದ್ರೆ ಅದೂ ಹೋಯ್ತು. ಇಲ್ಲೇ ಬಿಡ್ತೀರಾ?"

"ಇಲ್ಲ. ನಾನು ಮಾಡಿದ್ದನ್ನ ನಾನೇ ಸರಿ ಮಾಡ್ತೀನಿ."

ಮೂವತ್ತೆಂಟು ವರ್ಷ ಊರವರ ಕೊರಳ ಮೇಲೆ ಕತ್ತಿಯಾಡಿಸಿದ ಕೈಗೆ ಇದು ಹೊಸ ಕೆಲಸವಾಗಿತ್ತು. ಉಸಿರು ಬಿಗಿಹಿಡಿದು ತೆಳ್ಳನೆಯ ಪ್ಲಾಸ್ಟಿಕ್ ಅಂಚನ್ನು ತುಟಿಯ ಸಂದಿಗೆ ಸರಿಸಿದಳು. ಬಾಯಿ ಬಿಚ್ಚಿಕೊಂಡಿತು. ಒಂದು ಹನಿ ಒಳಗಿಳಿಯಿತು. ಹತ್ತಲು ಏನೂ ಇಲ್ಲದ ತಗ್ಗು ಡಬ್ಬಿಯೇ ಅದರ ಆಸ್ಪತ್ರೆಯಾಯಿತು. ಮೇಲೆ, ಮೂಳೆ ಗಟ್ಟಿಯಾಗಲೆಂದು ವೈದ್ಯೆ ಹೇಳಿದ ಬಿಸಿಲಿನಂಥ ದೀಪ ಉರಿಯಿತು. ಅದು ತಾನಾಗಿ ತಿನ್ನತೊಡಗಿದ ಮೇಲೆ ಪ್ರತಿ ಮಿಡತೆಯೂ ಬಿಳಿ ಪುಡಿಯಲ್ಲಿ ಹೊರಳಿಯೇ ಬಂತು.

ಹಳೆಯ ಗಿರಾಕಿ, ಮೀನಂಗಡಿಯ ತೊಕುಜಿ, ಅವಳನ್ನು ಸಲಿಗೆಯಿಂದ ಶಿಗೆ-ಚಾನ್ ಎಂದು ಕರೆದು ಕೆಣಕದೆ ಇರುತ್ತಿರಲಿಲ್ಲ.

"ಏ ಶಿಗೆ-ಚಾನ್, ನನ್ನ ದವಡೆನ ಒಂದಿನಾನೂ ಇಷ್ಟು ನಾಜೂಕಾಗಿ ಹಿಡಿದಿಲ್ಲ ನೀನು!"

"ನಿಮ್ಮ ದವಡೆಗೇನು ಬಿಡಿ ತೊಕುಜಿ-ಸಾನ್. ದಿನವಿಡೀ ಮಾತಾಡಿ ಆಡಿ ಕಲ್ಲಾಗಿದೆ."

ಹನ್ನೆರಡನೆಯ ವಾರ ಮತ್ತೆ ಎಕ್ಸ್-ರೇ ತೆಗೆದರು. ಮೂಳೆಗಳು ಸುಣ್ಣದ ಗೆರೆಯಂತೆ ಬೆಳ್ಳಗೆ ಎದ್ದು ಕಂಡವು. "ಇನ್ನು ಕೊಂಬೆ ಇಡಿ," ಎಂದು ವೈದ್ಯೆ ನಕ್ಕಳು.

ಮರುದಿನ ಶಿಗೆನೋ ತೊಕುಜಿಯ ಮುಖಕ್ಕೆ ನೊರೆ ಹಚ್ಚಿ, ಒಂದು ಕೆನ್ನೆ ಬೋಳಿಸಿ, ಕಪ್ಪೆಯನ್ನು ಕೊಂಬೆಯಿಟ್ಟ ಗಾಜಿನ ಪೆಟ್ಟಿಗೆಗೆ ಬಿಡಲು ಡಬ್ಬಿಯ ಮುಚ್ಚಳ ತೆಗೆದಳು. ಕಪ್ಪೆ ಕೊಂಬೆಯತ್ತ ತಿರುಗಿಯೂ ನೋಡಲಿಲ್ಲ. ಹಿಂಗಾಲು ಮಡಚಿ ಚಿಮ್ಮಿತು, ಕನ್ನಡಿಗೆ ಪಚಕ್ಕನೆ ಅಂಟಿಕೊಂಡಿತು. ಬಿದ್ದರೆ ಹಿಡಿಯಲೆಂದು ಶಿಗೆನೋ ಕೆಳಗೆ ಟವೆಲ್ ಚಾಚಿದಳು. ಅದು ಒಂದೊಂದೇ ಕಾಲೆತ್ತಿ ಏರಿತು. ವಾಸಿಯಾದ ಕಾಲೂ ಜಾರಲಿಲ್ಲ. ಕನ್ನಡಿಯ ನೆತ್ತಿ ತಲುಪಿ ಜಟ್ಟಿಯ ಹಾಗೆ ಕುಳಿತಿತು.

"ಗೆದ್ದ! ನಮ್ಮ ಯೋಕೊಝುನಾ ಗೆದ್ದ ಕಣ್ರೋ!" ಎಂದು ಕೂಗುತ್ತ ತೊಕುಜಿ ಅರ್ಧ ನೊರೆಯ ಮುಖದಲ್ಲೇ ಬೀದಿಗೆ ಓಡಿದ. ಟ್ರಾಮಿಗೆ ಕಾಯುತ್ತಿದ್ದವರೆಲ್ಲ ಅಂಗಡಿಯ ಬಾಗಿಲಿಗೆ ಬಂದು ಇಣುಕಿದರು. ಶಿಗೆನೋ ನಗುತ್ತ ಅಳುತ್ತ ಸ್ಟೂಲಿನ ಮೇಲೆ ನಿಂತು ಎರಡೂ ಕೈ ಚಾಚಿದಳು. ಇಳಿಯುವ ಮನಸ್ಸು ಮಾತ್ರ ಯೋಕೊಝುನಾಗೆ ಇರಲಿಲ್ಲ.