ಹಗ್ಗಕ್ಕೆ ಬಹುವಚನವಿಲ್ಲ

ಊಟ ಆರಿದೆ ಎಂದು ನನ್ನ ತಂಗಿಯ ಗಂಡ ನಮ್ಮೆದುರಿಗೇ ಅವಳ ಕಪಾಳಕ್ಕೆ ಬಾರಿಸಿದ. ಊಟ ಆರಿದ್ದು ನಮ್ಮಿಂದ. ದಾರಿಯಲ್ಲಿ ವ್ಯಾನಿನ ಟೈರು ಪಂಕ್ಚರ್ ಆಗಿ ತಡವಾಗಿತ್ತು, ಅವಳು ನಮಗಾಗಿ ಕಾದಿದ್ದಳು. ಬಾರಿಸಿದವನು ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು, "ಕೂತ್ಕೊಳ್ಳಿ ಅಕ್ಕ, ಇವಳಿಗೆ ಹೇಳಿ ಹೇಳಿ ಸಾಕಾಗಿದೆ," ಎಂದ. ನಲ್ಲಿಯಲ್ಲಿ ನೀರು ಬರುತ್ತಿಲ್ಲ ಎಂದು ಹೇಳಿದಷ್ಟು ಸಲೀಸಾಗಿ!

ನನಗೆ ಮೈಯೆಲ್ಲ ಉರಿದುಹೋಯಿತು. ಕೈಗೆ ಸಿಕ್ಕಿದ್ದು ಸ್ಟೀಲಿನ ಜಗ್ಗು. ಎತ್ತಿ ಅವನ ಮುಖಕ್ಕೇ ಬೀಸಿದೆ. ಹುಬ್ಬು ಒಡೆದು ರಕ್ತ ಕಣ್ಣಿಗಿಳಿಯಿತು. ಅವನು ಮೇಜನ್ನು ಒದ್ದು ನನ್ನ ಮೇಲೆ ಬಂದ. ನಮ್ಮವರು ಮಧ್ಯೆ ನುಗ್ಗಿ ಅವನನ್ನು ಗೋಡೆಗೆ ಒತ್ತಿ ಹಿಡಿದರು. ನಮ್ಮವರು ಅಗ್ನಿಶಾಮಕ ದಳದಲ್ಲಿದ್ದು ನಿವೃತ್ತರಾದವರು, ಹೊಗೆಯೊಳಗಿಂದ ಜನರನ್ನು ಹೆಗಲ ಮೇಲೆ ಹೊತ್ತು ತಂದ ಮೈ. ಅವನೇನು ಕಮ್ಮಿಯೇ? ಕಬ್ಬಿಣದ ಯಾರ್ಡಿನಲ್ಲಿ ಕ್ರೇನ್ ನಡೆಸುವ ಆಸಾಮಿ. ಬೆನ್ನ ಹಿಂದೆ ನಾವೆಲ್ಲ ಅವನನ್ನು ಕರೆಯುವುದೇ ಕ್ರೇನು ಎಂದು. ಹಣೆಯಿಂದ ನಮ್ಮವರ ಬಾಯಿಗೆ ಗುದ್ದಿದ. ಮುಂದಿನ ಹಲ್ಲೊಂದು ಮುರಿದು ನೆಲಕ್ಕೆ ಬಿತ್ತು.

"ಅಯ್ಯೋ ಭಾವ, ಅವರಿಗೆ ಸೊಂಟನೋವಿದೆ, ಮೆಲ್ಲಗೆ ಹಿಡ್ಕೊಳ್ಳಿ!" ಎಂದು ಕಿರುಚಿದಳು ನನ್ನ ತಂಗಿ ಪುಟ್ಟಿ. ಅವಳ ಕೆನ್ನೆಯ ಮೇಲೆ ಅವನ ಬೆರಳುಗಳು ಮೂಡಿ ನಿಂತಿದ್ದವು. ನಗಬೇಕೋ ಅಳಬೇಕೋ ನನಗೆ ತಿಳಿಯಲಿಲ್ಲ.

ಅವನು ಬಾಗಿಲು ಬಡಿದುಕೊಂಡು ಹೊರಗೆ ಹೋದ ಮೇಲೆ ನಾನು ಅಡುಗೆಮನೆಯಲ್ಲಿ ಅವಳ ರವಿಕೆಯ ಕುತ್ತಿಗೆ ಸರಿಸಿ ನೋಡಿದೆ. ಬೆನ್ನಿನ ಮೇಲೆ ಸುಟ್ಟ ಗಾಯ, ಹಳೆಯದು, ಹೊಸದು. ಪುಟ್ಟಿ ಬೇಕರಿಯಲ್ಲಿ ಹಿಟ್ಟು ನಾದುವವಳು.

"ಏನೇ ಇದು?"

"ಬೇಕರಿ ಒಲೆ ತಗುಲಿತು ಅಕ್ಕ."

"ನೀನೇನು ಒಲೆಗೆ ಬೆನ್ನು ಒರಗಿಸ್ಕೊಂಡು ಕೆಲಸ ಮಾಡ್ತೀಯಾ?"

ಅವಳು ತಟ್ಟೆ ತೊಳೆಯುತ್ತಲೇ ಹೇಳಿದಳು. "ಹೋದ ತಿಂಗಳು ಕತ್ತು ಹಿಸುಕಿದ್ರು. ಸ್ವಲ್ಪ ಹೊತ್ತು ಏನೂ ಕಾಣಿಸ್ಲೇ ಇಲ್ಲ. ಇನ್ನೊಂದು ಸಲ ಹಾಗೆ ಮಾಡಿದ್ರೆ ಏಳ್ತೀನೋ ಇಲ್ವೋ."

ಹಿಸುಕಿದ್ರು! ಕತ್ತು ಹಿಸುಕಿದವನಿಗೂ ಬಹುವಚನ! ಅವಳ ಕೈಯಿಂದ ತಟ್ಟೆ ಕಿತ್ತು ಬದಿಗಿಟ್ಟೆ. ಇವಳನ್ನು ಇಲ್ಲೇ ಬಿಟ್ಟುಹೋದರೆ ಮುಂದಿನ ಸಲ ಬರುವುದು ಹೆಣ ನೋಡುವುದಕ್ಕೆ ಎಂದು ನನಗೆ ಖಾತ್ರಿಯಾಯಿತು.

ಎಲೆ ಉದುರುವ ಕಾಲ ಬಂತೆಂದರೆ ನಾವಿಬ್ಬರು ಮನೆಯಲ್ಲಿ ನಿಲ್ಲುವವರಲ್ಲ. ನಾನು ಈಜು ಕಲಿಸುವವಳು, ಆ ಹೊತ್ತಿಗೆ ನೀರು ತಣ್ಣಗಾಗಿ ಕೊಳ ಮುಚ್ಚುತ್ತಾರೆ. ವ್ಯಾನಿನ ತಲೆಯ ಮೇಲೆ ದೋಣಿ, ಹಿಂದೆ ಹಗ್ಗ, ಕೊಂಡಿ, ಡೇರೆ ತುಂಬಿಕೊಂಡು ಹೊರಟರೆ ಹೊಳೆ, ಕೆರೆ, ಗುಡ್ಡ, ಮಧ್ಯೆ ನೆಂಟರ ಮನೆ. ಈ ವಯಸ್ಸಿನಲ್ಲಿ ಕೋತಿಗಳ ಹಾಗೆ ಬಂಡೆ ಹತ್ತುತ್ತಾರೆ ಎಂದು ನೆಂಟರು ಆಡಿಕೊಳ್ಳುತ್ತಾರೆ, ಆಡಿಕೊಳ್ಳಲಿ. ಆ ವರ್ಷ ಹೊಳೆ ಮುಗಿದಿತ್ತು, ಬಂಡೆ ಬಾಕಿ ಇತ್ತು. ಮಾರನೆಯ ಬೆಳಿಗ್ಗೆ ಕ್ರೇನು ಯಾರ್ಡಿಗೆ ಹೋದದ್ದೇ ತಡ, ಪುಟ್ಟಿಯನ್ನು ವ್ಯಾನಿಗೆ ಹತ್ತಿಸಿಕೊಂಡೆವು. ಹತ್ತಿಸಿಕೊಂಡೆವು ಎನ್ನುವುದು ಮರ್ಯಾದೆಯ ಮಾತು. ಅವಳು ಬಾಗಿಲ ಚೌಕಟ್ಟು ಹಿಡಿದುಕೊಂಡಿದ್ದಳು, ನಾನು ಬೆರಳು ಬಿಡಿಸಿ ಎಳೆದೆ.

ಬಂಡೆಯ ಬುಡದಲ್ಲಿ ಡೇರೆ ಹಾಕಿದೆವು. ಸುತ್ತಲೂ ಕೆಂಪು ಎಲೆ ಮೊಣಕಾಲುದ್ದ ಬಿದ್ದಿತ್ತು. ಮೊದಲ ದಿನ ಪುಟ್ಟಿ ವ್ಯಾನಿನಿಂದ ಇಳಿಯಲೇ ಇಲ್ಲ. ಆಮೇಲೆ ಒಂದು ಬೆಳಿಗ್ಗೆ ತಾನೇ ಬಂದು, "ಭಾವ, ನನಗೂ ಕಟ್ಟಿ ನೋಡೋಣ," ಎಂದಳು. ಏರಿದಳು ನೋಡಿ! ಹಿಟ್ಟು ನಾದಿ ನಾದಿ ಬಲಿತ ಕೈ, ಬೆರಳು ಸಂದಿಗೆ ಸಿಕ್ಕರೆ ಕೊಕ್ಕೆ ಹಾಕಿದಂತೆ. ನಾನು ವರ್ಷಗಟ್ಟಲೆ ಒದ್ದಾಡಿ ಕಲಿತದ್ದನ್ನು ಅವಳು ನಗುತ್ತಾ ಹತ್ತಿಬಿಟ್ಟಳು. ನನಗೆ ಹೊಟ್ಟೆಕಿಚ್ಚಾಯಿತು ಎಂದರೆ ಸುಳ್ಳಲ್ಲ.

ನಮ್ಮ ಪದ್ಧತಿ ಸರಳ. ಹಗ್ಗದ ಒಂದು ತುದಿ ಹತ್ತುವವರ ಸೊಂಟದ ಪಟ್ಟಿಗೆ. ಅದು ಬಂಡೆಯ ನೆತ್ತಿಗೆ ಜಡಿದ ಕೊಂಡಿಯಲ್ಲಿ ಹಾದು ಕೆಳಗೆ ನಿಂತವರ ಕೈಗೆ ಬರುತ್ತದೆ. ಬಂಡೆ ನಡುವೆ ಹೊಟ್ಟೆ ಬಿಟ್ಟಿರುವುದರಿಂದ ಕೆಳಗಿನವರಿಗೆ ನೆತ್ತಿ ಕಾಣುವುದಿಲ್ಲ, ಕೂಗು ಮಾತ್ರ ಕೇಳುತ್ತದೆ. ಬಿಗಿ ಬೇಕಿದ್ದರೆ "ಹಿಡಿ", ಸಡಿಲ ಬೇಕಿದ್ದರೆ "ಬಿಡು". ಅಷ್ಟೇ. ಪುಟ್ಟಿಗೆ ಅದೇ ದೊಡ್ಡ ಕಷ್ಟವಾಯಿತು.

"ಬಿಡಿ ಭಾವ!" ಎಂದು ಮೇಲಿನಿಂದ ಕೂಗಿದಳು. ಕೆಳಗೆ ನಮ್ಮವರು ಹಗ್ಗ ಜಗ್ಗಿದರು. ಅವಳು ಮತ್ತೆ "ಬಿಡೀ" ಎಂದಳು, ಅವರು ಇನ್ನೂ ಜಗ್ಗಿದರು. ಪಟ್ಟಿ ಸೊಂಟಕ್ಕೆ ಬಿಗಿದು ಅವಳು ಕೀರಲು ದನಿಯಲ್ಲಿ ಕಿರುಚಿದಳು.

ಇಳಿದು ಬಂದ ಮೇಲೆ ನಮ್ಮವರು ಮುರಿದ ಹಲ್ಲಿನ ಸಂದಿಯಿಂದ ಉಗುಳು ಹಾರಿಸುತ್ತಾ ಗದರಿದರು. "ಬಿಡಿ ಅಂದ್ರೆ ಗಾಳೀಲಿ ಹಿಡಿ ಅಂತ ಕೇಳ್ಸುತ್ತೆ ಕಣಮ್ಮ! ಬಿಡು ಅನ್ನು. ಹಗ್ಗಕ್ಕೆ ಬಹುವಚನ ಇಲ್ಲ."

"ಭಾವನಿಗೆ ಹೆಂಗೆ ಬಿಡು ಅನ್ನಲಿ? ನಾಲಿಗೆ ಹೊರಳಲ್ಲ."

"ನನಗಲ್ಲ, ಹಗ್ಗಕ್ಕೆ ಅನ್ನು. ಬೇಕಾದ್ರೆ ಆಮೇಲೆ ಇಳಿದು ಬಂದು ಕ್ಷಮೆ ಕೇಳು."

ಅವಳು ಇಡೀ ಸಂಜೆ ಒಲೆಯ ಮುಂದೆ ಕೂತು "ಬಿಡು, ಬಿಡು" ಎಂದು ಬಾಯಿಪಾಠ ಮಾಡಿದಳು. ಪ್ರತಿಸಲವೂ ಕೈಯಿಂದ ಬಾಯಿ ಮುಚ್ಚಿಕೊಂಡು ನಗುತ್ತಿದ್ದಳು. ಅವಳು ಹಾಗೆ ನಕ್ಕಿದ್ದನ್ನು ನಾನು ಮದುವೆಗೆ ಮುಂಚೆ ನೋಡಿದ್ದು.

ಆ ರಾತ್ರಿಯೇ ತಿಳಿಯಿತು, ಅವಳು ಫೋನ್ ಮಾಡಿದ್ದಳು. ಯಾರಿಗೆ? ಅವನಿಗೇ! "ಗ್ಯಾಸ್ ಮುಗಿಯೋಕೆ ಬಂದಿತ್ತು, ಹೇಳ್ಬೇಕಲ್ಲ," ಎಂದಳು. ಎಲ್ಲಿದ್ದೀಯ ಎಂದು ಅವನು ಕೇಳಿದ, ಇವಳು ಹೇಳಿದಳು. ನನಗೆ ಅವಳ ಕತ್ತನ್ನು ನಾನೇ ಹಿಸುಕಿಬಿಡಬೇಕೆನಿಸಿತು. ಡೇರೆ ಕೀಳೋಣ ಎಂದೆ. ಇಷ್ಟು ದೂರ ಯಾಕೆ ಬರುತ್ತಾನೆ, ನಾಳೆಯೊಂದು ದಿನ ಹತ್ತಲಿ, ನಾಡಿದ್ದು ನಮ್ಮ ಮನೆಗೇ ಕರೆದುಕೊಂಡು ಹೋಗೋಣ ಎಂದರು ನಮ್ಮವರು.

ಬೆಳಿಗ್ಗೆ ನಾನು ಹಿಂದಿನ ಕಾಲುದಾರಿಯಿಂದ ನೆತ್ತಿಗೆ ಹೋಗಿ ಕೊಂಡಿ ನೋಡಿಕೊಂಡು ಕುಳಿತಿದ್ದೆ. ಕೆಳಗೆ ಹಗ್ಗ ಹಿಡಿದಿದ್ದವರು ನಮ್ಮವರು. ಪುಟ್ಟಿಯ ಕೈ ಅಂಚಿಗೆ ಬಂತು, ಮುಖ ಬಂತು, ಬೆವರಿ ಕೆಂಪಾದ ಮುಖ. ಮೇಲೆ ಬಂದು ನಿಂತು, "ಅಕ್ಕ, ಎಷ್ಟು ದೂರ ಕಾಣುತ್ತೆ ಅಲ್ವಾ?" ಎಂದಳು. ಅಷ್ಟರಲ್ಲಿ ಅವಳ ಕಣ್ಣು ನನ್ನ ಹಿಂದಕ್ಕೆ ಹೋಯಿತು, ಮುಖದ ಬಣ್ಣವೇ ಇಳಿಯಿತು.

ತಿರುಗುವಷ್ಟರಲ್ಲಿ ನನ್ನ ಬೆನ್ನಿಗೆ ಬೂಟು ಬಿತ್ತು. ಬೋರಲು ಬಿದ್ದೆ. ಎರಡನೆಯ ಒದೆ ಹೊಟ್ಟೆಗೆ, ಮೂರನೆಯದು ದವಡೆಗೆ. ಬಾಯಿತುಂಬ ರಕ್ತ, ಉಸಿರು ಮೇಲೆ ಬರಲಿಲ್ಲ. ಕೂಗೋಣವೆಂದರೆ ದನಿಯೇ ಇಲ್ಲ. ಕೊಳದ ಈ ತುದಿಯಿಂದ ಆ ತುದಿಗೆ ಕೇಳುವ ಹಾಗೆ ಕೂಗುವ ನನ್ನ ದನಿ, ಬೇಕಾದ ಹೊತ್ತಿಗೆ ಕೈಕೊಟ್ಟಿತು.

ಹುಬ್ಬಿನ ಮೇಲೆ ಪಟ್ಟಿ ಅಂಟಿಸಿಕೊಂಡ ಕ್ರೇನು ಪುಟ್ಟಿಯ ಜುಟ್ಟು ಹಿಡಿದು ಮುಖಕ್ಕೆ ಗುದ್ದಿದ. ಮೂಗು ಒಡೆದ ಶಬ್ದ ನನಗೆ ಕೇಳಿಸಿತು. ಇನ್ನೊಂದು ಗುದ್ದು. ಆಮೇಲೆ ಅವಳ ಕುತ್ತಿಗೆಗೆ ಎರಡೂ ಕೈ ಹಾಕಿ ಅಂಚಿನಾಚೆಗೆ ಬಗ್ಗಿಸಿದ. "ಹತ್ತೋದು ಕಲ್ತಿದೀಯಂತೆ? ಹಾರೋದೂ ಕಲೀತೀಯೇನೇ?" ಕೆಳಗೆ ನಮ್ಮವರ ಕೈಯಲ್ಲಿ ಹಗ್ಗ ಬಿಗಿಯಾಗಿದ್ದುದರಿಂದ ಅವಳು ಬೀಳಲಿಲ್ಲ, ಹಿಂದಕ್ಕೆ ವಾಲಿ ಹಗ್ಗದ ಮೇಲೆ ನಿಂತಳು. ಅವನೂ ಅದೇ ಬಿಗಿಯನ್ನು ನೆಚ್ಚಿಕೊಂಡು ತನ್ನ ಭಾರವನ್ನೆಲ್ಲ ಅವಳ ಕತ್ತಿನ ಮೇಲೆ ಹಾಕಿದ್ದ. ಅವಳ ಕಣ್ಣುಗುಡ್ಡೆ ಮೇಲೆ ಸರಿಯತೊಡಗಿತು. ನಾನು ತೆವಳುತ್ತಾ ಹೋಗಿ ಅವನ ಪಾದ ಹಿಡಿದೆ, ಅವನು ಹಿಮ್ಮಡಿಯಿಂದ ನನ್ನ ಬೆರಳುಗಳನ್ನು ಜಜ್ಜಿದ.

ಆಗ ಪುಟ್ಟಿಯ ಕೈಗಳು ಮೇಲೆ ಬಂದವು. ಅವನ ಕೈ ಬಿಡಿಸುವುದಕ್ಕಲ್ಲ. ಅವನ ಅಂಗಿಯ ಕಾಲರನ್ನು ಎರಡೂ ಕಡೆಯಿಂದ ಹಿಡಿದುಕೊಂಡಳು, ಹಿಟ್ಟಿನ ಉಂಡೆ ಹಿಡಿದಂತೆ. ಎಲ್ಲಿತ್ತೋ ಆ ಉಸಿರು, ಬಂಡೆಯೆಲ್ಲ ಕೇಳುವಂತೆ ಕೂಗಿದಳು.

"ಬಿಡು!"

ಹಗ್ಗ ಸಡಿಲವಾಯಿತು. ಇಬ್ಬರೂ ಅಂಚಿನಾಚೆ ಕಾಣೆಯಾದರು.

ಕೊಂಡಿ ಕಟಕಟ ಎಂದಿತು, ಹಗ್ಗ ಒಮ್ಮೆಲೇ ಬಿಗಿಯಿತು, ಕೆಳಗೆ ನಮ್ಮವರು ಮತ್ತೆ ಹಿಡಿದುಕೊಂಡಿದ್ದರು. ನಾನು ಅಂಚಿಗೆ ತೆವಳಿ ಇಣುಕಿದೆ. ಪುಟ್ಟಿ ಬಂಡೆಗೆ ಬಡಿದು, ಗಿರಗಿರ ತಿರುಗುತ್ತಾ ತೂಗಾಡುತ್ತಿದ್ದಳು. ಕೈಯಲ್ಲಿ ಹರಿದ ಕಾಲರು ಇತ್ತು. ಅವನು ಇನ್ನೂ ಕೆಳಗೆ, ಒಂದು ಕಲ್ಲಿನ ಚಾಚಿಗೆ ಬಡಿದು, ಅಲ್ಲಿಂದ ಉರುಳಿ ಎಲೆಯ ರಾಶಿಯಲ್ಲಿ ಬಿದ್ದಿದ್ದ. ಒಂದು ಕಾಲು ಇರಬಾರದ ದಿಕ್ಕಿಗೆ ತಿರುಗಿತ್ತು, ಇನ್ನೊಂದರ ಮೂಳೆ ಪ್ಯಾಂಟು ಹರಿದು ಹೊರಗೆ ಬಂದಿತ್ತು. ಅವನ ಅರಚಾಟ ಕೇಳಿ ಬದುಕಿದ್ದಾನೆಂದು ಗೊತ್ತಾಯಿತು. ನನಗೆ ನಿರಾಸೆಯಾಯಿತು, ನಿಜ ಹೇಳುತ್ತೇನೆ.

ಆಸ್ಪತ್ರೆಯ ಮೆಟ್ಟಿಲ ಮೇಲೆ ನಮ್ಮವರು ತಲೆ ಹಿಡಿದುಕೊಂಡು ಕೂತಿದ್ದರು. "ನನ್ನ ಕಿವಿಗೆ ಬಿಡು ಅಂತ್ಲೇ ಕೇಳಿಸ್ತು ಕಣೇ. ಪಾಪದ ಹುಡುಗಿ ಗಂಡನಿಗೆ ಅಂದಿದ್ದನ್ನ ನನಗೆ ಅಂದ್ಕೊಂಡು ಹಗ್ಗ ಬಿಟ್ಟೆ. ನಾನೇ ಅವಳನ್ನ ಸಾಯಿಸ್ತಿದ್ನಲ್ಲೇ!" ಸುಡುವ ಮನೆಗಳಿಗೆ ನುಗ್ಗಿದ ಗಂಡಸು ಗಳಗಳ ಅತ್ತರು.

"ಅವಳು ಗಂಡನಿಗೆ ಯಾವತ್ತಾದ್ರೂ ಏಕವಚನದಲ್ಲಿ ಮಾತಾಡಿದ್ದು ಕೇಳಿದ್ದೀರಾ?" ಎಂದೆ.

ಅವರು ತಲೆ ಎತ್ತಿ ನನ್ನನ್ನೇ ನೋಡಿದರು. ನೋಡುತ್ತಾ ನೋಡುತ್ತಾ ಅಳು ನಿಂತಿತು.

"ನಿಮ್ಮ ಕಿವಿ ನೆಟ್ಟಗಿದೆ. ಬಾಯೂ ನೆಟ್ಟಗಿರಲಿ," ಎಂದೆ.

ಪೊಲೀಸಿನವನು ಪುಟ್ಟಿಯ ಮಂಚದ ಪಕ್ಕ ಕುಳಿತು ಏನು ಕೂಗಿದಿರಿ ಎಂದು ಕೇಳಿದ. ಪಕ್ಕೆಲುಬು ಮುರಿದು, ಮೂಗಿಗೆ ಹತ್ತಿ ತುರುಕಿದ್ದ ಅವಳು ಒಂದೊಂದೇ ಮಾತು ಆಡಿದಳು. "ಬಿಡಿ ಅಂದೆ ಸಾರ್. ಅವರಿಗೆ. ದಮ್ಮಯ್ಯ ಬಿಡೀಂದ್ರೆ ಅಂದೆ." ಆ ದನಿ ಕೇಳಿದ್ದರೆ ಕಲ್ಲೂ ನಂಬುತ್ತಿತ್ತು. ಅವನೂ ನಂಬಿ ಹೋದ.

ಆಮೇಲೆ ಬಂದಳು ಅವಳ ಅತ್ತೆ. ಸೊಸೆಯ ಮುಖ ನೋಡಿ ಒಂದು ಅಯ್ಯೋ ಇಲ್ಲ. "ಗಂಡ ಹಾಸಿಗೆ ಹಿಡಿದಿದಾನೆ. ಇನ್ನು ಎದ್ದು ಓಡಾಡೋದು ಕಷ್ಟವಂತೆ. ನೀನು ನೋಡ್ಕೊಳ್ದೆ ಇನ್ಯಾರು ನೋಡ್ಕೋಬೇಕು? ಹುಷಾರಾದ ತಕ್ಷಣ ಮನೆಗೆ ಬಾ."

"ಬರ್ತೀನಿ ಅತ್ತೆ," ಎಂದಳು ಪುಟ್ಟಿ.

"ನಿನಗೆ ತಲೆ ನೆಟ್ಟಗಿದೆಯೇನೇ?" ಎಂದು ನಾನು ಅರಚಿದೆ, ನರ್ಸು ಓಡಿಬಂದಳು. ಹೆಣವಾಗದೆ ಉಳಿದವಳು ಮತ್ತೆ ಅದೇ ಮನೆಗೆ! ನನ್ನ ಜಜ್ಜಿದ ಬೆರಳಿನಿಂದಲೇ ಅವಳಿಗೆ ಎರಡು ಬಿಗಿಯಬೇಕೆನಿಸಿತು. ಅವಳು ನನ್ನ ಮಾತನ್ನು ಕಿವಿಗೇ ಹಾಕಿಕೊಳ್ಳದೆ, "ಅಕ್ಕ, ಗಾಲಿಕುರ್ಚಿ ತರಿಸು. ಅವರನ್ನ ನೋಡ್ಬೇಕು," ಎಂದಳು.

ಅವನ ಎರಡೂ ಕಾಲುಗಳನ್ನು ಮೇಲಕ್ಕೆ ಎಳೆದು ಕಟ್ಟಿದ್ದರು. ಸೊಂಟದ ಕೆಳಗೆ ಅಲುಗಾಡುವ ಹಾಗಿರಲಿಲ್ಲ. ನಮ್ಮನ್ನು ಕಂಡೊಡನೆ, "ಬಂದ್ಯಾ? ಮನೆಗೆ ಬಾ, ನಿನಗಿದೆ," ಎಂದು ಹಲ್ಲು ಕಡಿದ. ಪುಟ್ಟಿ ಕುರ್ಚಿಯನ್ನು ಮಂಚದ ಹತ್ತಿರಕ್ಕೆ ತಳ್ಳಿಸಿಕೊಂಡಳು. ಅವನ ಹೊದಿಕೆ ಸರಿಮಾಡಿದಳು. ಗಲ್ಲದ ಮೇಲೆ ಬೆರಳಾಡಿಸಿದಳು, ಕುತ್ತಿಗೆಯವರೆಗೂ.

"ಗಡ್ಡ ಎಷ್ಟು ಬೆಳೆದಿದೆ ನೋಡಿ. ಯೋಚನೆ ಮಾಡ್ಬೇಡಿ, ಮನೆಗೆ ಬಂದ್ಮೇಲೆ ನಾನೇ ಬೋಳಿಸ್ತೀನಿ. ದಿನಾ. ಸ್ನಾನಕ್ಕೆ ಬಿಸಿನೀರೂ ನಾನೇ ಹಾಕ್ತೀನಿ. ಮಾತ್ರೆ ನಾನೇ ಕೊಡ್ತೀನಿ. ಅತ್ತೆಗೆ ವಯಸ್ಸಾಯ್ತು, ಬೇಗ ಮಲಗಿಬಿಡ್ತಾರೆ. ನಾವಿಬ್ರೇ ತಾನೇ ಇರೋದು." ಒಂದು ಮಾತೂ ಬಿರುಸಾಗಿರಲಿಲ್ಲ. ಬಹುವಚನ ಎಲ್ಲೂ ತಪ್ಪಲಿಲ್ಲ.

ಅವನು ಅವಳ ಕಣ್ಣನ್ನೇ ನೋಡಿದ. ಅಂಚಿನಲ್ಲಿ ಅವಳ ಮುಖ ಅವನ ಮುಖಕ್ಕೆ ಎಷ್ಟು ಹತ್ತಿರವಿತ್ತೋ ಈಗಲೂ ಅಷ್ಟೇ ಹತ್ತಿರವಿತ್ತು. ಅವನ ಹಣೆಯಲ್ಲಿ ಬೆವರು ಒಡೆಯಿತು. ಕತ್ತನ್ನು ದಿಂಬಿನೊಳಗೆ ಒತ್ತಿಕೊಂಡು, ನಮ್ಮ ಹಿಂದೆಯೇ ಬಂದು ನಿಂತಿದ್ದ ತಾಯಿಯ ಕೈಗಾಗಿ ತಡಕಾಡಿದ.

"ಅಮ್ಮ, ಇವಳು ಬೇಡ."

"ಏನೋ ಹಾಗಂದ್ರೆ? ಮತ್ಯಾರೋ ನಿನ್ನ ಚಾಕರಿ ಮಾಡೋರು?"

"ಬೇಡ ಅಂದ್ರೆ ಬೇಡ! ಇವಳು ಮನೆ ಹೊಸ್ತಿಲು ತುಳೀಕೂಡ್ದು! ಕರ್ಕೊಂಡು ಹೋಗಿ ಇವಳನ್ನ!" ವಾರ್ಡಿಗೆ ವಾರ್ಡೇ ತಿರುಗಿ ನೋಡಿತು. ಯಾಕೆ ಎಂದು ತಾಯಿ ಕೇಳಿದಳು, ನರ್ಸು ಕೇಳಿದಳು. ಅವನು ಬಾಯಿ ತೆರೆದ, ಮುಚ್ಚಿದ. ಅವಳು ಎಳೆದದ್ದನ್ನು ಹೇಳಬೇಕೆಂದರೆ ತಾನು ಅವಳ ಕತ್ತು ಹಿಸುಕಿ ಎಲ್ಲಿಗೆ ಬಗ್ಗಿಸಿದ್ದೆ ಎಂಬುದನ್ನೂ ಹೇಳಬೇಕಾಗಿತ್ತು.

"ನಿಮ್ಮಿಷ್ಟ," ಎಂದಳು ಪುಟ್ಟಿ.

ನಾನು ಕುರ್ಚಿ ತಿರುಗಿಸಿ ಹೊರಗೆ ತಂದೆ. ಓಣಿಯ ತುದಿಗೆ ಬರುವವರೆಗೂ ನಗು ತಡೆದುಕೊಂಡಿದ್ದೆ. "ಎಂಥಾ ನಾಟಕ ಆಡಿದ್ಯೇ, ಕಳ್ಳಿ! ಅವನ ಬಾಯಿಂದ್ಲೇ ಬೇಡ ಅನ್ನಿಸಿದ್ಯಲ್ಲ!" ಎಂದು ಅವಳ ತಲೆ ನೇವರಿಸಿದೆ.

ಅವಳು ನಗಲಿಲ್ಲ. ಮಡಿಲಲ್ಲಿದ್ದ ಕೈಗಳನ್ನೇ ನೋಡಿಕೊಳ್ಳುತ್ತಿದ್ದಳು.

"ಅವರು ಹೂಂ ಅಂದಿದ್ರೆ ನಾನು ನಿಜವಾಗ್ಲೂ ಹೋಗ್ತಿದ್ದೆ ಅಕ್ಕ, ಗಡ್ಡ ಬೋಳಿಸೋಕೆ," ಎಂದಳು.